ದುಡಿಯುವ ಕೈಗೆ ತಕ್ಕ ಕವಚ

'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆ ಎಲ್ಲರಿಗೂ ಗೊತ್ತು. ಕೆಸರಾದ ಕೈಯನ್ನು ತೊಳೆದುಕೊಳ್ಳಬಹುದು. ಕೊಯ್ದುಹೋದ ಬೆರಳನ್ನೋ ಸುಟ್ಟುಹೋದ ಅಂಗೈಯನ್ನೋ ಮೊದಲಿನಂತೆ ಮಾಡುವುದು ಅಷ್ಟು ಸುಲಭವಲ್ಲ. ಒಂದು ಕೈಯಲ್ಲಿ 27 ಮೂಳೆಗಳಿವೆ. ಬೆರಳುಗಳನ್ನು ಮಡಿಸುವ ಮಾಂಸಖಂಡಗಳು ಬೆರಳುಗಳಲ್ಲಿಲ್ಲ; ಮುಂದೋಳಿನಲ್ಲಿಯೂ ಅಂಗೈಯಲ್ಲಿಯೂ ಇವೆ. ಸಪೂರ ಹುರಿಗಳಂಥ ಸ್ನಾಯುರಜ್ಜುಗಳ ಮೂಲಕ ಅವು ಬೆರಳುಗಳನ್ನು ಎಳೆದು ಆಡಿಸುತ್ತವೆ. ಈ ಹುರಿಗಳು ಚರ್ಮದಿಂದ ಕೆಲವೇ ಮಿಲಿಮೀಟರು ಒಳಗಿರುತ್ತವೆ. ತಗಡಿನ ಅಂಚೊಂದು ಅಷ್ಟು ಆಳಕ್ಕೆ ಇಳಿದರೆ ಸಾಕು, ಬೆರಳು ಮಡಿಸಲು ಬಾರದಂತಾಗಬಹುದು.

ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐ ಸೇರುವ ಹುಡುಗ ಹುಡುಗಿಯರು ಫಿಟ್ಟರ್, ಟರ್ನರ್, ವೆಲ್ಡರ್, ಶೀಟ್ ಮೆಟಲ್ ಕೆಲಸಗಳನ್ನು ಕಲಿಯುತ್ತಾರೆ. ಆಮೇಲೆ ಬೆಂಗಳೂರಿನ ಪೀಣ್ಯದ ವರ್ಕ್‌ಶಾಪುಗಳಲ್ಲೋ, ಬೆಳಗಾವಿಯ ಫೌಂಡ್ರಿಗಳಲ್ಲೋ, ಊರಿನದೇ ಗ್ಯಾರೇಜಿನಲ್ಲೋ ಅವರ ದುಡಿಮೆ ಶುರುವಾಗುತ್ತದೆ. ಸಮವಸ್ತ್ರ, ಬೂಟು, ಸಲಕರಣೆಗಳನ್ನು ಪಾಲಕರು ನೋಡಿ ನೋಡಿ ಕೊಡಿಸುತ್ತಾರೆ. ಕೈಗವಸಿನ ಸರದಿ ಬಂದಾಗ ಮಾತ್ರ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳುವುದು ಒಂದೇ ಮಾತು: 'ಒಂದು ಜೊತೆ ಗ್ಲೌಸ್ ಕೊಡಿ.' ಅಂಗಡಿಯವರು ಕೈಗೆ ಸಿಕ್ಕ ಜೊತೆಯನ್ನು ಕೊಡುತ್ತಾರೆ. 'ಯಾವ ಕೆಲಸಕ್ಕೆ?' ಎಂಬ ಪ್ರಶ್ನೆ ಎರಡು ಕಡೆಯಿಂದಲೂ ಬರುವುದಿಲ್ಲ. ಆದರೆ ಕೈಗವಸಿನ ಆಯ್ಕೆ ಆರಂಭವಾಗಬೇಕಾದದ್ದೇ ಈ ಪ್ರಶ್ನೆಯಿಂದ. ಅದರ ಉತ್ತರಕ್ಕೆ ಬೇಕಾದ ವಿಜ್ಞಾನವೆಲ್ಲ ಪ್ರೌಢಶಾಲೆಯ ಪಠ್ಯಪುಸ್ತಕದಲ್ಲೇ ಇದೆ.

ಕತ್ತಿ ಕೊಯ್ಯುವ ಬಗೆ

ಈಳಿಗೆಮಣೆಯ ಮುಂದೆ ಕುಳಿತವರು ಟೊಮೇಟೊವನ್ನು ಅಲಗಿನ ಮೇಲೆ ನೇರವಾಗಿ ಒತ್ತುವುದಿಲ್ಲ. ಒತ್ತಿದರೆ ಹಣ್ಣು ಹಿಸುಕಿಹೋಗುತ್ತದೆ. ಅಲಗಿಗೆ ತಾಗಿಸಿ ಸ್ವಲ್ಪ ಜಾರಿಸಿದರೆ ಸಲೀಸಾಗಿ ಹೋಳಾಗುತ್ತದೆ. ಇದಕ್ಕೆ ಕಾರಣಗಳು ಎರಡು. ಮೊದಲನೆಯದು ಒತ್ತಡ: ಒಂದೇ ಬಲ ಚಿಕ್ಕ ಕ್ಷೇತ್ರದ ಮೇಲೆ ಬಿದ್ದರೆ ಒತ್ತಡ ಹೆಚ್ಚು. ಅಲಗಿನ ಅಂಚು ಎಷ್ಟು ತೆಳುವೋ ಒತ್ತಡ ಅಷ್ಟು ಜಾಸ್ತಿ. ಎರಡನೆಯದು ಎಳೆತ: ಅಲಗು ಜಾರುವಾಗ ವಸ್ತುವಿನ ಮೇಲ್ಪದರವನ್ನು ಹಿಗ್ಗಿಸಿ ಹರಿಯುತ್ತದೆ. ವರ್ಕ್‌ಶಾಪಿನಲ್ಲಿ ಕೈ ಕೊಯ್ಯುವುದೂ ಬಹುಮಟ್ಟಿಗೆ ಹೀಗೆಯೇ. ತಗಡಿನ ಅಂಚಿನ ಮೇಲೆ ಕೈಯಿಟ್ಟರೆ ಕೆಲವೊಮ್ಮೆ ಏನೂ ಆಗದಿರಬಹುದು. ಹಿಡಿದ ತಗಡು ಕೈಯಲ್ಲಿ ಜಾರಿದರೆ ಮಾತ್ರ ಗಾಯ ಖಂಡಿತ.

ಹಾಗಾದರೆ ಕೊಯ್ತವನ್ನು ತಡೆಯುವ ನೂಲಿನಲ್ಲಿ ಯಾವ ಗುಣಗಳಿರಬೇಕು? ಎಳೆದರೆ ಹರಿಯದ ಬಲ ಇರಬೇಕು. ಅಲಗನ್ನೇ ಮೊಂಡು ಮಾಡುವಷ್ಟು ಗಡಸುತನ ಇದ್ದರೆ ಒಳ್ಳೆಯದು. ಅಲಗು ಕಚ್ಚಿಕೊಳ್ಳದೆ ಜಾರಿಹೋಗುವಂತೆ ನುಣುಪಾಗಿರಬೇಕು. ಹೆಣಿಗೆಯಲ್ಲಿ ನೂಲು ಅಲಗಿನಡಿ ಕೊಂಚ ಉರುಳುವಂತಿದ್ದರೆ ಇನ್ನೂ ಉತ್ತಮ. ಹತ್ತಿಯ ನೂಲಿಗೆ ಇವುಗಳಲ್ಲಿ ಯಾವುದೂ ಸಾಕಷ್ಟಿಲ್ಲ. ಆದ್ದರಿಂದ ಬಿಳಿಯ ಹತ್ತಿ ಕೈಗವಸು ಕೊಳೆಯನ್ನೂ ತರಚುವುದನ್ನೂ ತಡೆಯುತ್ತದೆಯೇ ಹೊರತು ಹರಿತವಾದ ಅಂಚನ್ನು ತಡೆಯುವುದಿಲ್ಲ.

ಈ ಕ್ಷೇತ್ರದ ದೊಡ್ಡ ತಿರುವು ಬಂದದ್ದು 1965ರಲ್ಲಿ. ಅಮೆರಿಕದ ಡ್ಯುಪಾಂಟ್ ಕಂಪೆನಿಯ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೊಲೆಕ್ ಆಗ ಟೈರುಗಳಿಗೆ ಬೇಕಾದ ಹಗುರವಾದ, ಗಟ್ಟಿಯಾದ ಎಳೆಯೊಂದನ್ನು ಹುಡುಕುತ್ತಿದ್ದರು. ಅವರು ತಯಾರಿಸಿದ ಒಂದು ದ್ರಾವಣ ಮಜ್ಜಿಗೆಯಂತೆ ತೆಳ್ಳಗೆ, ಮಸುಕಾಗಿ ಕಾಣುತ್ತಿತ್ತು. ಪಾಲಿಮರ್ ದ್ರಾವಣಗಳು ಸಾಮಾನ್ಯವಾಗಿ ಹಾಗಿರುವುದಿಲ್ಲ. ಬೇರೆಯವರಾಗಿದ್ದರೆ ಚೆಲ್ಲಿಬಿಡುತ್ತಿದ್ದರೇನೋ. ಯಂತ್ರದ ಸಣ್ಣ ರಂಧ್ರಗಳು ಕಟ್ಟಿಕೊಂಡಾವೆಂದು ನೂಲು ತೆಗೆಯುವ ಸಹೋದ್ಯೋಗಿಯೂ ಮೊದಲು ಹಿಂಜರಿದರು. ಕ್ವೊಲೆಕ್ ಪಟ್ಟು ಬಿಡಲಿಲ್ಲ. ಕೊನೆಗೆ ಬಂದ ಎಳೆಯ ಬಲ ಎಲ್ಲರನ್ನೂ ಬೆರಗುಗೊಳಿಸಿತು. ಸಮ ತೂಕದಲ್ಲಿ ಉಕ್ಕಿಗಿಂತ ಸುಮಾರು ಐದು ಪಟ್ಟು ಬಲಶಾಲಿಯಾದ ಈ ಎಳೆಯೇ ಮುಂದೆ 'ಕೆವ್ಲಾರ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ಇಂಥ ಎಳೆಗಳ ಕುಲಕ್ಕೆ ಅರಾಮಿಡ್ ಎಂದು ಹೆಸರು. ಇದರ ಉದ್ದನೆಯ ಅಣುಗಳು ಕಡ್ಡಿಗಳಂತೆ ನೆಟ್ಟಗಿದ್ದು, ಒಂದರ ಪಕ್ಕ ಒಂದು ಸಾಲಾಗಿ ನಿಂತು ಹೈಡ್ರೊಜನ್ ಬಂಧಗಳಿಂದ ಬಿಗಿದುಕೊಂಡಿರುತ್ತವೆ. ಬಲದ ಗುಟ್ಟು ಇರುವುದು ಈ ಜೋಡಣೆಯಲ್ಲಿ.

ಇನ್ನೊಂದು ಎಳೆ ಪಾಲಿಎಥಿಲೀನಿನದು. ಹಾಲಿನ ಪ್ಯಾಕೆಟ್ಟೂ ಪಾಲಿಎಥಿಲೀನೇ. ಆದರೆ ಈ ಎಳೆಯಲ್ಲಿ ಅಣುಸರಪಳಿಗಳು ಹಲವು ಪಟ್ಟು ಉದ್ದ. ಜತೆಗೆ ಎಲ್ಲವನ್ನೂ ಎಳೆದು ಒಂದೇ ದಿಕ್ಕಿಗೆ ನಿಲ್ಲಿಸಲಾಗಿರುತ್ತದೆ. ಇದು ನೀರಿಗಿಂತ ಹಗುರ, ತುಂಬ ನುಣುಪು, ಮುಟ್ಟಿದರೆ ತಂಪು. ಅಂಗಡಿಯ ಚೀಟಿಯಲ್ಲಿ 'ಎಚ್‌ಪಿಪಿಇ' ಎಂದು ಬರೆದಿರುವುದು ಇದನ್ನೇ. ಈಗ ಮಾರುಕಟ್ಟೆಯಲ್ಲಿ ಸಿಗುವ ಅನೇಕ ಕೊಯ್ತನಿರೋಧಕ ಕೈಗವಸುಗಳು ಈ ನೂಲಿನವು. ಹೆಚ್ಚಿನ ರಕ್ಷಣೆ ಬೇಕಾದಾಗ ನೂಲಿನ ನಡುವೆ ಗಾಜಿನ ಎಳೆಯನ್ನೋ ಸಪೂರ ಉಕ್ಕಿನ ತಂತಿಯನ್ನೋ ಸೇರಿಸುತ್ತಾರೆ.

ಕೈಗವಸಿನ ಮೇಲಿನ ಅಂಕಿಗಳು

ಒಳ್ಳೆಯ ಕೈಗವಸಿನ ಹಿಂಬದಿಯಲ್ಲಿ ಒಂದು ಸುತ್ತಿಗೆಯ ಚಿತ್ರವೂ ಅದರ ಕೆಳಗೆ '4X43D' ಎಂಬಂಥ ಗುರುತೂ ಅಚ್ಚಾಗಿರುತ್ತವೆ. ಇದು 'ಇಎನ್ 388' ಎಂಬ ಯುರೋಪಿನ ಮಾನಕ. ಭಾರತದ ಅಂಗಡಿಗಳಲ್ಲಿ ಸಿಗುವ ಕೈಗವಸುಗಳ ಮೇಲೂ ಈ ಗುರುತು ಸಾಮಾನ್ಯ. ಇದನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ.

ಮೊದಲ ಅಂಕಿ ಸವೆತವನ್ನು ತಡೆಯುವ ಶಕ್ತಿ. ಉಜ್ಜುಕಾಗದದ ಮೇಲೆ 100 ಸುತ್ತು ಉಜ್ಜಿದರೂ ತೂತಾಗದಿದ್ದರೆ 1, 8,000 ಸುತ್ತು ತಾಳಿದರೆ 4. ಎರಡನೆಯದು ಉರುಳುವ ದುಂಡು ಅಲಗಿನಿಂದ ಮಾಡುವ ಹಳೆಯ ಕೊಯ್ತಪರೀಕ್ಷೆ. ಮೂರನೆಯದು ಹರಿತವನ್ನು, ಅಂದರೆ ಬಟ್ಟೆಯಂತೆ ಹರಿದುಹೋಗುವುದನ್ನು, ತಡೆಯುವ ಬಲ. ನಾಲ್ಕನೆಯದು ಚುಚ್ಚುವಿಕೆ. 'X' ಎಂದಿದ್ದರೆ ಆ ಪರೀಕ್ಷೆಯನ್ನು ಮಾಡಿಲ್ಲ ಅಥವಾ ಅದು ಆ ಕೈಗವಸಿಗೆ ಅನ್ವಯಿಸುವುದಿಲ್ಲ ಎಂದರ್ಥ.

ಹಳೆಯ ಕೊಯ್ತಪರೀಕ್ಷೆಯಲ್ಲಿ ಒಂದು ತೊಡಕಿತ್ತು. ಗಾಜು ಅಥವಾ ಉಕ್ಕು ಸೇರಿದ ನೂಲನ್ನು ಕೊಯ್ಯುತ್ತ ಅಲಗೇ ಮೊಂಡಾಗುತ್ತಿತ್ತು. ಕೈಗವಸಿಗೆ ಇರುವುದಕ್ಕಿಂತ ಹೆಚ್ಚು ಅಂಕ ಸಿಗುತ್ತಿತ್ತು. ಅದಕ್ಕಾಗಿ 2016ರ ಪರಿಷ್ಕರಣೆಯಲ್ಲಿ ಇನ್ನೊಂದು ಪರೀಕ್ಷೆಯ ಫಲಿತಾಂಶವನ್ನು ಸೇರಿಸಿದರು. ಇದರಲ್ಲಿ ಪ್ರತಿಸಲವೂ ಹೊಸ ನೇರ ಅಲಗನ್ನು ಬಳಸಿ, 20 ಮಿಲಿಮೀಟರು ಜಾರುವಷ್ಟರಲ್ಲಿ ಕೈಗವಸು ಕೊಯ್ದುಹೋಗಲು ಎಷ್ಟು ಬಲ ಬೇಕೆಂದು ಅಳೆಯುತ್ತಾರೆ. ಉತ್ತರ ಅಕ್ಷರದಲ್ಲಿರುತ್ತದೆ. 'A' ಎಂದರೆ 2 ನ್ಯೂಟನ್, 'B' ಎಂದರೆ 5, 'C' ಎಂದರೆ 10, 'D' ಎಂದರೆ 15, 'E' ಎಂದರೆ 22, 'F' ಎಂದರೆ 30 ನ್ಯೂಟನ್. ಒಂದು ಕಿಲೋಗ್ರಾಂ ತೂಕ ಸುಮಾರು 9.8 ನ್ಯೂಟನ್ ಎಂಬುದು ವಿದ್ಯಾರ್ಥಿಗಳಿಗೆ ನೆನಪಿರಬಹುದು. ಆ ಲೆಕ್ಕದಲ್ಲಿ 'A' ಎಂದರೆ ಅಲಗಿನ ಮೇಲೆ ಸುಮಾರು 200 ಗ್ರಾಂ ಭಾರ, 'F' ಎಂದರೆ ಸುಮಾರು 3 ಕಿಲೋಗ್ರಾಂ ಭಾರ. ಈ ಅಕ್ಷರದ ಪಕ್ಕದಲ್ಲಿ 'P' ಇದ್ದರೆ ಕೈಗವಸು ಪೆಟ್ಟನ್ನು ತಾಳುವ ಪರೀಕ್ಷೆಯಲ್ಲೂ ತೇರ್ಗಡೆಯಾಗಿದೆ ಎಂದು ತಿಳಿಯಬೇಕು.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. 'F' ಗುರುತಿನ ಕೈಗವಸೂ ಕೊಯ್ತನಿರೋಧಕವೇ ಹೊರತು ಕೊಯ್ಯಲಾಗದ ವಸ್ತುವಲ್ಲ. ಗರಗಸದ ಹಲ್ಲಿನ ಮುಂದೆ, ವಿದ್ಯುತ್ತಿನಿಂದ ತಿರುಗುವ ಅಲಗಿನ ಮುಂದೆ ಅದು ನಿಲ್ಲುವುದಿಲ್ಲ. ಇನ್ನು ಚುಚ್ಚುವ ಪರೀಕ್ಷೆಯಲ್ಲಿ ಬಳಸುವುದು ಸೂಜಿಗಿಂತ ತುಂಬ ದಪ್ಪನೆಯ ಉಕ್ಕಿನ ಮೊನೆ. ಹೆಣೆದ ಕೈಗವಸಿನ ಕಣ್ಣುಗಳ ನಡುವೆ ಸೂಜಿ, ಸಪೂರ ಮುಳ್ಳು, ತಂತಿಯ ತುದಿ ಸುಲಭವಾಗಿ ತೂರುತ್ತವೆ.

ಬಿಸಿಯ ಲೆಕ್ಕವೇ ಬೇರೆ

ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆ ಒಣಗಿರಬೇಕೆಂಬುದು ಪ್ರತಿ ಅಡುಗೆಮನೆಯ ಅನುಭವ. ಒದ್ದೆ ಬಟ್ಟೆಯಲ್ಲಿ ಹಿಡಿದರೆ ಕೈ ಚುರ್ರೆನ್ನುತ್ತದೆ. ಒಣಬಟ್ಟೆಯ ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಗಾಳಿ ಉಷ್ಣದ ಅತಿ ಮಂದವಾಹಕ. ಒದ್ದೆಯಾದಾಗ ಆ ಜಾಗವನ್ನು ನೀರು ಆಕ್ರಮಿಸುತ್ತದೆ. ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಸಾಲದ್ದಕ್ಕೆ ಆ ನೀರು ಹಬೆಯಾಗಿ ಚರ್ಮಕ್ಕೆ ತಾಗಿದರೆ, ಹಬೆ ನೀರಾಗುವಾಗ ಪ್ರತಿ ಗ್ರಾಮಿಗೆ 540 ಕ್ಯಾಲೊರಿ ಗುಪ್ತೋಷ್ಣವನ್ನು ಚರ್ಮಕ್ಕೆ ಬಿಟ್ಟುಕೊಡುತ್ತದೆ. ವೆಲ್ಡರನ ಕೈಗವಸಿಗೂ ಬೇಕರಿಯವರ ಕೈಗವಸಿಗೂ ಇದೇ ನಿಯಮ. ಬೆವರಿನಿಂದ ನೆಂದ ಕೈಗವಸನ್ನು ಬಿಸಿ ಕೆಲಸಕ್ಕೆ ತೊಡಬಾರದು. ಎರಡು ಜೊತೆ ಇಟ್ಟುಕೊಂಡು ಒಂದನ್ನು ಒಣಗಿಸುತ್ತ ಇನ್ನೊಂದನ್ನು ಬಳಸುವುದು ಜಾಣತನ.

ಬಿಸಿಯ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡು: ಕೈಗವಸು ಉಳಿಯುತ್ತದೆಯೇ? ಅದರೊಳಗಿನ ಕೈ ಉಳಿಯುತ್ತದೆಯೇ?

ಮೊದಲ ಪ್ರಶ್ನೆಗೆ ನೂಲೇ ಉತ್ತರ. ಅರಾಮಿಡ್ ಕರಗುವುದಿಲ್ಲ, ಸುಮಾರು 450 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕರಿಯಾಗಿ ವಿಘಟಿಸುತ್ತದೆ. ಚರ್ಮ ಮತ್ತು ಹತ್ತಿಯೂ ಕರಗುವುದಿಲ್ಲ, ಕರಕಲಾಗುತ್ತವೆ. ಆದರೆ ಹತ್ತಿಗೆ ಬೆಂಕಿ ಬೇಗ ಹತ್ತುತ್ತದೆ. ನೈಲಾನ್, ಪಾಲಿಯೆಸ್ಟರ್‌ಗಳು ಬಗೆಗೆ ಅನುಸಾರವಾಗಿ 220ರಿಂದ 260 ಡಿಗ್ರಿಗಳಲ್ಲಿ ಕರಗುತ್ತವೆ. ಕೊಯ್ತಕ್ಕೆ ಅಷ್ಟು ಗಟ್ಟಿಯಾದ ಪಾಲಿಎಥಿಲೀನ್ ಎಳೆಯಾದರೋ 145-150 ಡಿಗ್ರಿಯಲ್ಲೇ ಕರಗಿಹೋಗುತ್ತದೆ. ಒಗ್ಗರಣೆಗೆ ಕಾಯಿಸಿದ ಎಣ್ಣೆಯೂ ದೋಸೆಯ ಕಾವಲಿಯೂ ಇದಕ್ಕಿಂತ ಬಿಸಿ. ಕರಗಿದ ಪ್ಲಾಸ್ಟಿಕ್ ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ, ಕೊಡವಿದರೆ ಬೀಳುವುದಿಲ್ಲ. 'ದುಬಾರಿ ಕೈಗವಸು, ಕತ್ತಿಗೇ ಜಗ್ಗುವುದಿಲ್ಲ, ಬೆಂಕಿಗೆ ಜಗ್ಗೀತೇ?' ಎಂಬ ನಂಬಿಕೆಯಿಂದ ವೆಲ್ಡಿಂಗ್ ಮಾಡಿದ ಕಾದ ತುಂಡನ್ನು ಹಿಡಿದರೆ ಆಗುವ ಅನಾಹುತ ಇದೇ. ಕೊಯ್ತನಿರೋಧಕವೆಲ್ಲ ಉಷ್ಣನಿರೋಧಕವಲ್ಲ. ಈ ಒಂದು ಮಾತು ನೆನಪಿದ್ದರೂ ಸಾಕು.

ಎರಡನೆಯ ಪ್ರಶ್ನೆಗೆ ಉತ್ತರ ಕೈಗವಸಿನ ದಪ್ಪ, ಅದರಲ್ಲಿನ ಗಾಳಿ ಮತ್ತು ಹಿಡಿದಿರುವ ಕಾಲ. 60 ಡಿಗ್ರಿಯ ನೀರು ಐದಾರು ಸೆಕೆಂಡುಗಳಲ್ಲಿ ಚರ್ಮವನ್ನು ಆಳವಾಗಿ ಸುಡಬಲ್ಲದು. 400 ಡಿಗ್ರಿಯ ಕಬ್ಬಿಣವನ್ನು ತೆಳ್ಳನೆಯ ಅರಾಮಿಡ್ ಕೈಗವಸಿನಲ್ಲಿ ಹಿಡಿದರೆ ಕೈಗವಸಿಗೆ ಏನೂ ಆಗದಿರಬಹುದು, ಕೈಗೆ ಆಗುತ್ತದೆ. ಅದಕ್ಕಾಗಿಯೇ 'ಇಎನ್ 407' ಎಂಬ ಇನ್ನೊಂದು ಮಾನಕವಿದೆ. ಅದರಲ್ಲಿ ಆರು ಸ್ಥಾನಗಳು: ಬೆಂಕಿ ಹತ್ತುವ ಗುಣ, ಮುಟ್ಟಿದ ಬಿಸಿ, ಬಿಸಿಗಾಳಿ ಮತ್ತು ಜ್ವಾಲೆಯ ಬಿಸಿ, ವಿಕಿರಣದ ಬಿಸಿ, ಕರಗಿದ ಲೋಹದ ಸಣ್ಣ ಹನಿಗಳು, ಕರಗಿದ ಲೋಹದ ದೊಡ್ಡ ಚೆಲ್ಲಾಟ. ಎರಡನೆಯ ಸ್ಥಾನವೇ ಹೆಚ್ಚಿನವರಿಗೆ ಮುಖ್ಯ. ಅಲ್ಲಿ 1 ಎಂದರೆ 100 ಡಿಗ್ರಿ, 2 ಎಂದರೆ 250, 3 ಎಂದರೆ 350, 4 ಎಂದರೆ 500 ಡಿಗ್ರಿ. ಅಷ್ಟು ಬಿಸಿಯ ವಸ್ತುವನ್ನು ಮುಟ್ಟಿದಾಗ ಒಳಭಾಗದ ಉಷ್ಣತೆ 10 ಡಿಗ್ರಿ ಏರಲು ಕನಿಷ್ಠ 15 ಸೆಕೆಂಡು ಹಿಡಿಯಬೇಕು. ಹದಿನೈದೇ ಸೆಕೆಂಡು! 'ಇಷ್ಟು ಡಿಗ್ರಿ ತಡೆಯುತ್ತದೆ' ಎಂದರೆ ಹಿಡಿದುಕೊಂಡೇ ನಿಲ್ಲಬಹುದು ಎಂದಲ್ಲ. ಎತ್ತಿ ಪಕ್ಕಕ್ಕಿಡಲು ಅಷ್ಟು ಸಮಯವಿದೆ ಎಂದು ಮಾತ್ರ.

ಬರಿಗೈಯೇ ಲೇಸು ಎನ್ನುವಲ್ಲಿ

ಕೈಗವಸು ರಕ್ಷಿಸುವ ಬದಲು ಕೈಯನ್ನೇ ಬಲಿಗೊಡುವ ಸಂದರ್ಭವೂ ಉಂಟು. ತಿರುಗುವ ಯಂತ್ರದ ಬಳಿ ಹಾಗಾಗುತ್ತದೆ. ಒಂದು ಸಣ್ಣ ಲೆಕ್ಕ ನೋಡಬಹುದು. ಡ್ರಿಲ್ಲಿಂಗ್ ಯಂತ್ರ ನಿಮಿಷಕ್ಕೆ 1,500 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 25 ಸುತ್ತು. ಅಪಾಯ ಕಂಡು ಕೈ ಹಿಂದೆಗೆಯಲು ಮನುಷ್ಯನಿಗೆ ಕನಿಷ್ಠ 0.2 ಸೆಕೆಂಡು ಬೇಕು. ಅಷ್ಟರಲ್ಲಿ ಯಂತ್ರ 5 ಸುತ್ತು ತಿರುಗಿರುತ್ತದೆ. ಅದರ ಚಕ್‌ನ ವ್ಯಾಸ 4 ಸೆಂಟಿಮೀಟರಾದರೆ ಪರಿಧಿ ಸುಮಾರು 12.5 ಸೆಂಟಿಮೀಟರು. ಅಂದರೆ ಕೈಗವಸಿನ ನೂಲು ಸಿಕ್ಕಿಕೊಂಡರೆ, ಎಚ್ಚರವಾಗುವ ಮೊದಲೇ 60 ಸೆಂಟಿಮೀಟರಿಗೂ ಹೆಚ್ಚು ಸುತ್ತಿಕೊಳ್ಳಬಲ್ಲದು. ಹಳೆಯ ಹತ್ತಿ ಬಟ್ಟೆಯಾದರೆ ಹರಿದು ಕೈ ಬಿಟ್ಟೀತು. ಹರಿಯದಿರಲೆಂದೇ ಮಾಡಿದ ಕೈಗವಸು ಬಿಡುವುದಿಲ್ಲ. ಬೆರಳನ್ನು ತನ್ನೊಡನೆ ಎಳೆದೊಯ್ಯುತ್ತದೆ.

ಆದ್ದರಿಂದ ಡ್ರಿಲ್ಲಿಂಗ್, ಲೇತ್, ಮಿಲ್ಲಿಂಗ್ ಯಂತ್ರಗಳು ತಿರುಗುತ್ತಿರುವಾಗ ಕೈಗವಸು ಕೂಡದು. ಬೆಂಚಿಗೆ ಕೂರಿಸಿದ ಸಾಣೆಕಲ್ಲಿನ ಬಳಿಯೂ ಇದೇ ನಿಯಮ. ಉದ್ದ ತೋಳು, ಉಂಗುರ, ಕೈದಾರಗಳಿಗೂ ಅದೇ ಮಾತು. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರು ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಘರ್ಷಣೆಯ ಬಿಸಿಗೆ ಅರಗು ಕರಗಿ ಬಣ್ಣ ಕೂರುತ್ತದೆ. ಬಿಸಿಯೂ ಉಳಿಯ ಹರಿತವೂ ಎರಡೂ ಇರುವ ಕೆಲಸವಾದರೂ ಕೈಗವಸಿಗೆ ಅಲ್ಲಿ ಜಾಗವಿಲ್ಲ. ಲೋಹದ ಸುರುಳಿಗಳನ್ನು ತೆಗೆಯಬೇಕಾದರೆ ಮೊದಲು ಯಂತ್ರ ನಿಲ್ಲಬೇಕು. ಆಮೇಲೆ ಕೊಕ್ಕೆ, ಬ್ರಷ್ಷು; ಕೈಗವಸು ಆಗ ತೊಡಬಹುದು.

ಯಾರಿಗೆ ಯಾವುದು?

ತಗಡು, ಗಾಜು ಹೊರುವವರಿಗೆ 'D' ಅಥವಾ ಅದಕ್ಕೂ ಮೇಲಿನ ಮಟ್ಟ, ಅಂಗೈಗೆ ಜಾರದ ಲೇಪನ. ಎಣ್ಣೆಯಿರುವ ಕಡೆ ನೈಟ್ರೈಲ್ ಲೇಪನವೇ ಇರಬೇಕು. ನೈಸರ್ಗಿಕ ರಬ್ಬರು ಎಣ್ಣೆಯಲ್ಲಿ ಉಬ್ಬಿ ಹಾಳಾಗುತ್ತದೆ. ಮಲೆನಾಡಿನಲ್ಲಿ ಅಡಿಕೆ ಸುಲಿಯುವವರಿಗೆ, ಮೀನು ಹೆಚ್ಚುವವರಿಗೆ, ಹೋಟೆಲಿನಲ್ಲಿ ತರಕಾರಿ ಕತ್ತರಿಸುವವರಿಗೆ ಬೆರಳಿನ ಸ್ಪರ್ಶ ಮುಖ್ಯ. ಅವರಿಗೆ ತೆಳ್ಳನೆಯ, 13 ಅಥವಾ 18 ಗೇಜಿನ ಪಾಲಿಎಥಿಲೀನ್ ಹೆಣಿಗೆ ಸಾಕು. ಗೇಜ್ ಎಂದರೆ ಹೆಣೆಯುವ ಯಂತ್ರದಲ್ಲಿ ಅಂಗುಲಕ್ಕೆ ಇರುವ ಸೂಜಿಗಳ ಸಂಖ್ಯೆ. ಹೆಚ್ಚಿದಷ್ಟೂ ಹೆಣಿಗೆ ನಯ. ಚಾಕು ಹಿಡಿದ ಕೈಗಿಂತ ವಸ್ತು ಹಿಡಿದ ಕೈಗೆ ಇದರ ಅಗತ್ಯ ಹೆಚ್ಚು.

ವೆಲ್ಡರ್‌ಗೆ ಮುಂದೋಳನ್ನೂ ಮುಚ್ಚುವ ಚರ್ಮದ ಕೈಗವಸು ಬೇಕು. ಹೊಲಿಗೆ ಅರಾಮಿಡ್ ದಾರದ್ದಾಗಿರಬೇಕು. ಚರ್ಮ ಗಟ್ಟಿಯಿದ್ದು ದಾರ ಸುಟ್ಟುಹೋದರೆ ಏನು ಪ್ರಯೋಜನ? ಟಿಗ್ ವೆಲ್ಡಿಂಗ್‌ನಂಥ ನಯವಾದ ಕೆಲಸಕ್ಕೆ ತೆಳ್ಳನೆಯ ಚರ್ಮ ಒಳ್ಳೆಯದು. ಎಣ್ಣೆ, ಗ್ರೀಸ್ ಮೆತ್ತಿದ ಕೈಗವಸು ವೆಲ್ಡಿಂಗ್‌ಗೂ ಬೇಡ, ಆಕ್ಸಿಜನ್ ಸಿಲಿಂಡರಿನ ಬಳಿಗಂತೂ ಬೇಡವೇ ಬೇಡ. ಶುದ್ಧ ಆಕ್ಸಿಜನ್ನಿನಲ್ಲಿ ಗ್ರೀಸ್ ಭುಗಿಲೆದ್ದೀತು. ಫೌಂಡ್ರಿಯಲ್ಲಿ ಎರಕ ಹೊಯ್ಯುವವರ ಕೈಗವಸು ಕೊಂಚ ಸಡಿಲವಿರಬೇಕು, ಬಿಸಿ ಲೋಹ ಒಳಹೊಕ್ಕರೆ ಕೊಡವಿ ಎಸೆಯುವಂತಿರಬೇಕು. ಆಲೆಮನೆಯ ಕುದಿಯುವ ಪಾಕ, ಕಾದ ಎಣ್ಣೆಗಳ ಮುಂದೆ ಹೆಣೆದ ಕೈಗವಸು ಅಪಾಯ. ಬಿಸಿ ದ್ರವವನ್ನು ಹೀರಿ ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ದ್ರವ ಒಳಗಿಳಿಯದ ಲೇಪನವಿರುವ, ಒಳಗೆ ಅಸ್ತರಿಯಿರುವ ಕೈಗವಸು ಅಲ್ಲಿಗೆ ತಕ್ಕದ್ದು. ವಿದ್ಯುತ್ ಕೆಲಸಕ್ಕೆ ಇವಾವುವೂ ಸಲ್ಲವು. ಉಕ್ಕಿನ ತಂತಿ ಸೇರಿದ ನೂಲು ವಿದ್ಯುತ್ತನ್ನು ಹರಿಯಗೊಡುತ್ತದೆ. ಅದಕ್ಕೆ ಐಎಸ್ 4770 ಮಾನಕದ ರಬ್ಬರು ಕೈಗವಸೇ ಬೇಕು.

ಅಳತೆಯೂ ಮುಖ್ಯ. ಹೆಬ್ಬೆರಳನ್ನು ಬಿಟ್ಟು ಅಂಗೈಯ ಸುತ್ತ ಟೇಪು ಹಿಡಿದು ಅಂಗುಲಗಳಲ್ಲಿ ಅಳೆದರೆ ಬರುವ ಸಂಖ್ಯೆಯೇ ಹೆಚ್ಚುಕಡಿಮೆ ಕೈಗವಸಿನ ಸೈಜು. 8 ಅಂಗುಲಕ್ಕೆ 8ನೆಯ ಸೈಜು. ದೊಡ್ಡ ಕೈಗವಸು ಜಾರುತ್ತದೆ, ಸಣ್ಣದು ಬೆರಳನ್ನು ದಣಿಸುತ್ತದೆ. ಕೊನೆಗೆ ಎರಡೂ ಮೂಲೆ ಸೇರುತ್ತವೆ. ತೊಡದ ಕೈಗವಸು 'F' ಆದರೇನು, 'A' ಆದರೇನು?

ಆರೈಕೆಯಲ್ಲೂ ವಿಜ್ಞಾನವಿದೆ. ಅರಾಮಿಡ್ ಎಳೆಯನ್ನು ಬಿಸಿಲಿನ ನೇರಳಾತೀತ ಕಿರಣಗಳೂ ಬ್ಲೀಚಿಂಗ್ ಪುಡಿಯ ಕ್ಲೋರಿನ್ನೂ ದುರ್ಬಲಗೊಳಿಸುತ್ತವೆ. ಅದನ್ನು ಸಾಧಾರಣ ಸೋಪಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಬೇಕು. ತೂತಾದುದನ್ನು, ಬಿಸಿಗೆ ಸೆಟೆದುಕೊಂಡ ಚರ್ಮವನ್ನು ಎಸೆಯಬೇಕು. ಹಳೆಯ ಪ್ರಯೋಗಾಲಯದ ಬೀರುವಿನಲ್ಲಿ ಬೂದುಬಣ್ಣದ ಆಸ್ಬೆಸ್ಟಾಸ್ ಕೈಗವಸು ಸಿಕ್ಕರೆ ಮುಟ್ಟದೆ ಹಿರಿಯರಿಗೆ ತಿಳಿಸಬೇಕು. ಬೆಂಕಿಯನ್ನು ಅದು ಚೆನ್ನಾಗಿ ತಡೆಯುತ್ತದೆ ನಿಜ. ಆದರೆ ಅದರ ಸೂಕ್ಷ್ಮ ಎಳೆಗಳು ಶ್ವಾಸಕೋಶ ಸೇರಿ ಕ್ಯಾನ್ಸರ್ ತರುತ್ತವೆ.

ಇಷ್ಟೆಲ್ಲ ಆದ ಮೇಲೂ ಕೈಗವಸು ಕೊನೆಯ ಕಾವಲುಗಾರನೇ. ಇಕ್ಕಳದಿಂದ ಎತ್ತಬಹುದಾದುದನ್ನು ಕೈಯಿಂದ ಎತ್ತಬಾರದು. ತಗಡಿನ ಅಂಚನ್ನು ಮೊದಲೇ ಅರದಿಂದ ಉಜ್ಜಿಡಬೇಕು. ಯಂತ್ರದ ಕವಚವನ್ನು ತೆಗೆದಿಡಬಾರದು. ಆದರೂ ಸುಟ್ಟರೆ ಉಂಗುರ, ಗಡಿಯಾರ ಕಳಚಿ, ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಕೈಯಿಟ್ಟು ವೈದ್ಯರಲ್ಲಿಗೆ ಹೋಗಬೇಕು. ಶಾಯಿ, ಟೂತ್‌ಪೇಸ್ಟ್ ಹಚ್ಚಬಾರದು.

ಮಗನನ್ನೋ ಮಗಳನ್ನೋ ವರ್ಕ್‌ಶಾಪಿಗೆ ಸೇರಿಸುವ ಪಾಲಕರು ಸ್ಟೈಪೆಂಡ್ ಎಷ್ಟೆಂದು ಕೇಳುವುದು ಸಹಜ. ಅದರ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಲಿ: ಇಲ್ಲಿ ಕೈಗೆ ಏನು ಅಪಾಯವಿದೆ? ಅದಕ್ಕೆ ಏನು ಕೊಡುತ್ತೀರಿ? ಉತ್ತರ ಕೊಡಲು ತಡವರಿಸುವ ಜಾಗದಲ್ಲಿ ಮಕ್ಕಳನ್ನು ಬಿಡುವ ಮೊದಲು ಎರಡು ಸಲ ಯೋಚಿಸಬೇಕು. ಮುಂದಿನ ನಲವತ್ತು ವರ್ಷ ಅನ್ನ ಸಂಪಾದಿಸಬೇಕಾದ ಕೈಗಳವು.